ಕಪ್ಪು ಕಾರಿನ ಗೀರುಗಳು

ಕಾರುಗಳಿಗೆ ಪಾಲಿಶ್ ಹಾಕುವ ಅವನನ್ನು ಎಲ್ಲರೂ ಕನ್ನಡಿ ಅಂತಲೇ ಕರೆಯುತ್ತಿದ್ದರು. ಅವನ ಕೈಯಿಂದ ಹೊರಬಿದ್ದ ಕಾರಿನ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು ಅಂತ ಯಾರೋ ಹೇಳಿದ್ದರಿಂದ ಬಂದ ಹೆಸರು ಅದು. ಎರಡು ಕಾರು ನಿಲ್ಲುವಷ್ಟು ಶೆಡ್ಡು, ಮೂಲೆಯಲ್ಲೊಂದು ನಲ್ಲಿ, ಮೊಳೆಗೆ ತೂಗುಹಾಕಿದ ಪಾಲಿಶ್ ಮೆಷಿನ್ನುಗಳು, ಒಗೆದು ಹರವಿದ ಮೆತ್ತನೆಯ ಬಟ್ಟೆಗಳು. ಇಪ್ಪತ್ತೆರಡು ವರ್ಷದಿಂದ ಇಷ್ಟರಲ್ಲೇ ಅವನ ಸಂಸಾರ ನಡೆದಿತ್ತು. ಕೆಲಸದಲ್ಲಿ ಗಟ್ಟಿಗ. ಮಾತಿನಲ್ಲಿ ಮಾತ್ರ ಪಾಲಿಶ್ ಇರಲಿಲ್ಲ.

ರಸ್ತೆಯ ಆಚೆ ಬದಿ, ಅವನ ಶೆಡ್ಡಿಗೆ ನೇರ ಎದುರು, ಹೆಂಡತಿಯ ತಮ್ಮ ಬ್ರಷ್ ಮೆಷಿನ್ನಿನ ಕಾರ್ ವಾಶ್ ತೆರೆದು ಎರಡು ವರ್ಷವಾಗಿತ್ತು. ಆಳೆತ್ತರದ ಬ್ರಷ್ಷುಗಳು ಗರಗರ ತಿರುಗಿ ಎಂಟೇ ನಿಮಿಷದಲ್ಲಿ ಕಾರು ತೊಳೆದು ಆಚೆ ಕಳಿಸುತ್ತಿದ್ದವು. ಶುರುವಾದ ದಿನ ಭಾಮೈದ ಹೆಮ್ಮೆಯಿಂದ ಕರೆದುಕೊಂಡು ಹೋಗಿ ತೋರಿಸಿದರೆ, ಕನ್ನಡಿ ಹತ್ತು ಜನರ ಎದುರಿಗೆ, "ಪೊರಕೆಯಲ್ಲಿ ಯಾರಾದರೂ ಮುಖ ತೊಳೀತಾರೇನೋ?" ಅಂದುಬಿಟ್ಟ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಭಾಮೈದ ಅಕ್ಕನನ್ನು ನೋಡಲು ಬಂದರೂ ಭಾವ ಮನೆಯಲ್ಲಿಲ್ಲದ ಹೊತ್ತು ನೋಡಿ ಬರುತ್ತಿದ್ದ. "ಒಬ್ಬ ತೊಳೀತಾನೆ, ಒಬ್ಬರು ಉಜ್ತಾರೆ, ತಲೆ ಮಾತ್ರ ಇಬ್ಬರೂ ನಂದೇ ತಿಂತಾರೆ" ಅಂತ ಅವಳು ಗೊಣಗುತ್ತಿದ್ದಳು.

ಒಂದು ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಎದುರುಗಡೆ ಗಲಾಟೆ ಕೇಳಿಸಿತು. ಗಲಾಟೆ ಅಂದರೆ ಕೂಗಾಟವಲ್ಲ. ಕೂಗುತ್ತಿದ್ದವನು ಭಾಮೈದ ಒಬ್ಬನೇ. ಅವನ ಮುಂದೆ ನಿಂತಿದ್ದ ಹೆಂಗಸು ತಣ್ಣಗಿದ್ದರು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ, ಕೊನೆಗೆ ಹೆಡ್ ನರ್ಸಾಗಿ ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ಸಿಸ್ಟರ್. ಗಂಡ ತೀರಿಕೊಂಡ ಮೇಲೆ ಅವರ ಕಪ್ಪು ಕಾರನ್ನು ಇವರೇ ಓಡಿಸುತ್ತಿದ್ದರು, ತಿಂಗಳಿಗೊಮ್ಮೆ ಭಾಮೈದನ ಹತ್ತಿರ ತೊಳೆಸುತ್ತಿದ್ದರು. ಈಗ ಕಾರಿನ ಮೈತುಂಬ ಜೇಡರ ಬಲೆಯಂಥ ಗೀರು. ಬಾನೆಟ್ಟಿನ ನಡುವೆ ಅಂಗೈಯಗಲ ಬೆಳ್ಳಗೆ ಮಂಕು.

"ನಿಮ್ಮ ಬ್ರಷ್ಷೇ ಮಾಡಿರೋದು" ಅಂದರು ಸಿಸ್ಟರ್.

"ನಮ್ಮ ಬ್ರಷ್ಷಲ್ಲ ಮೇಡಂ! ಯಾರನ್ನ ಬೇಕಾದ್ರೂ ಕೇಳಿ."

"ಸರಿ. ಎದುರುಗಡೆಯವರನ್ನ ಕೇಳೋಣ."

ಭಾಮೈದನ ಬಾಯಿಗೆ ಬೇವಿನ ರಸ ಬಿದ್ದಂತಾಯಿತು. ಆದರೆ ಯಾರನ್ನ ಬೇಕಾದರೂ ಅಂದವನು ಅವನೇ.

ಕಪ್ಪು ಕಾರು ರಸ್ತೆ ದಾಟಿ ಕನ್ನಡಿಯ ಶೆಡ್ಡಿಗೆ ಬಂತು. ಹಿಂದೆಯೇ ಭಾಮೈದನೂ ಬಂದು ಬಾಗಿಲ ಕಂಬಕ್ಕೆ ಒರಗಿ, ಕೈಕಟ್ಟಿ ನಿಂತ. ಕನ್ನಡಿ ಅವನ ಕಡೆ ನೋಡಲಿಲ್ಲ. ಮೊದಲು ಕಾರಿಗೆ ಬರೀ ನೀರು ಹಾಯಿಸಿ ಧೂಳಿಳಿಸಿದ. ಆಮೇಲೆ ಎರಡು ಬಕೆಟ್ ಇಟ್ಟುಕೊಂಡ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಸಾದಾ ನೀರು. ತೊಳೆದು ಒರೆಸಿ, ಶಟರ್ ಅರ್ಧ ಇಳಿಸಿ, ಕೈದೀಪ ಹಚ್ಚಿದ.

"ದೀಪ ಒಂದೇ ಕಡೆ ಹಿಡಿದರೆ ಎಲ್ಲಾ ಗೀರೂ ದೀಪದ ಸುತ್ತ ಬಳೆ ಥರಾನೇ ಕಾಣತ್ತೆ ಸಿಸ್ಟರ್. ನಂಬಬಾರದು. ಸರಿಸ್ತಾ ನೋಡಬೇಕು" ಅಂದ.

ಬಾಗಿಲುಗಳ ಮೇಲೆ ದೀಪ ಸರಿಸಿದ. ಉದ್ದುದ್ದಕ್ಕೆ, ಒಂದರ ಪಕ್ಕ ಒಂದು, ಬಾಚಣಿಗೆ ಎಳೆದಂಥ ಗೀರುಗಳು. "ಇವು ಬ್ರಷ್ಷಿನವು. ಮೊದಲೇ ನೀರು ಹೊಡೆದು ಮರಳು ಇಳಿಸದೆ ಬ್ರಷ್ ಬಿಟ್ಟರೆ ಹೀಗಾಗತ್ತೆ. ಹಿಂದಿನ ಕಾರಿನ ಕೆಸರೂ ಬ್ರಷ್ಷಲ್ಲಿ ಇರತ್ತೆ."

ಭಾಮೈದ ಕಂಬ ಬಿಟ್ಟು ನೆಟ್ಟಗೆ ನಿಂತ.

"ಆದ್ರೆ ಇವು ಮೇಲುಮೇಲಿನವು. ಜಾಸ್ತಿ ಇಲ್ಲ." ಕನ್ನಡಿ ದೀಪವನ್ನು ಚಾವಣಿಗೂ ಬಾನೆಟ್ಟಿಗೂ ಒಯ್ದ. ಅಲ್ಲಿ ಗೀರುಗಳಿಗೆ ದಿಕ್ಕೇ ಇರಲಿಲ್ಲ. ಚಿಕ್ಕ ಚಿಕ್ಕ ಸುತ್ತು, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು. ಕೈ ಎಟುಕುವ ತನಕ ಮಾತ್ರ ಇದ್ದವು, ಚಾವಣಿಯ ನಡುಭಾಗ ಹೆಚ್ಚುಕಡಿಮೆ ಚೊಕ್ಕಟವಾಗಿತ್ತು. "ಮೆಷಿನ್ ಆಗಿದ್ರೆ ನಡುಭಾಗಾನೂ ಬಿಡ್ತಿರಲಿಲ್ಲ, ಇದು ಮನುಷ್ಯರ ಕೈ. ದಿನಾ ಯಾರು ಒರೆಸ್ತಾರೆ?"

ಸಿಸ್ಟರ್ ಹೇಳಿದರು. "ನಾನೇ. ಬೆಳಗ್ಗೆ ಎದ್ದ ತಕ್ಷಣ."

"ಒದ್ದೆ ಬಟ್ಟೇಲೋ, ಒಣ ಬಟ್ಟೇಲೋ?"

"ಒಣ ಬಟ್ಟೆ. ಸುಮ್ಮನೆ ನೀರು ಯಾಕೆ ಚೆಲ್ಲೋದು ಅಂತ."

"ಧೂಳು ಅಂದ್ರೆ ಪುಡಿಮಾಡಿದ ಕಲ್ಲು ಸಿಸ್ಟರ್. ಒಣಬಟ್ಟೇಲಿ ಒರೆಸಿದರೆ ಧೂಳು ಹೋಗಲ್ಲ, ತಿರುಗತ್ತೆ."

ಅವರು ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡರು. ವಾರ್ಡಿಗೆ ಬಂದ ಹೊಸ ಹುಡುಗಿಯರಿಗೆಲ್ಲ ಕೈ ತೊಳೆಯುವ ಕ್ರಮ ಕಲಿಸಿದ ಕೈ. ಬಾಗಿಲಲ್ಲಿ ನಿಂತ ಭಾಮೈದನಿಗೆ ನಗು ಬಂತೋ ಏನೋ, ಮುಖ ಆಚೆ ತಿರುಗಿಸಿದ.

"ಮತ್ತೆ ಈ ಬಿಳಿ ಮಂಕು? ಅದೂ ನಂದೇನಾ?" ಕೇಳಿದರು ಸಿಸ್ಟರ್.

ಕನ್ನಡಿ ಬೆರಳಾಡಿಸಿ ನೋಡಿದ. ಗೀರಲ್ಲ ಅದು. ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ತಂದು ಬಾಗಿಲ ಮೇಲಿಟ್ಟ. ನೂರ ಹದಿನೆಂಟು ಮೈಕ್ರಾನ್. ಹಿಂದಿನ ಬಾಗಿಲು, ನೂರ ಹದಿನಾರು. ಬಾನೆಟ್ಟಿನ ಅಂಚು, ತೊಂಬತ್ತು. ನಡುವೆ, ಎಪ್ಪತ್ತನಾಲ್ಕು. ಒರೆಸಿಕೊಂಡು ಮತ್ತೆ ಇಟ್ಟ. ಎಪ್ಪತ್ತನಾಲ್ಕೇ.

"ಇಲ್ಲಿ ಮೇಲಿನ ಪದರವೇ ಸವೆದುಹೋಗಿದೆ. ಬಣ್ಣವನ್ನ ಕಾಯೋ ಗಾಜಿನಂಥ ಪದರ. ಇದು ತೊಳೆದು ಆಗಿದ್ದಲ್ಲ, ಒರೆಸಿ ಆಗಿದ್ದೂ ಅಲ್ಲ. ಪಾಲಿಶ್ ಜಾಸ್ತಿಯಾಗಿ ಆಗಿರೋದು."

"ನಮ್ಮನೆಯವರು ವರ್ಷಕ್ಕೊಂದು ಸಲ ಎಲ್ಲೋ ಪಾಲಿಶ್ ಮಾಡಿಸ್ಕೊಂಡು ಬರ್ತಿದ್ರು. ಎಲ್ಲಿ ಅಂತ ನಾನು ಕೇಳಿದೋಳಲ್ಲ. ನನಗೆ ಡ್ಯೂಟಿ ಇರ್ತಿತ್ತು."

ಕನ್ನಡಿಯ ಕೈ ಬಲಗಡೆಯ ಹೆಡ್‌ಲೈಟಿನ ಮೇಲೆ, ಬಾನೆಟ್ಟಿನ ಅಂಚಿನಲ್ಲಿ ನಿಂತಿತ್ತು. ಅಲ್ಲಿ ಅಕ್ಕಿಕಾಳಿನಷ್ಟು ಒಂದು ತಗ್ಗು. ಕಪ್ಪು ಕಾರುಗಳು ಎಷ್ಟೋ ಬಂದುಹೋಗಿದ್ದವು, ಕಣ್ಣಿಗಿಂತ ಮೊದಲು ಬೆರಳಿಗೆ ಗುರುತು ಸಿಕ್ಕಿತು. ಆ ತಗ್ಗಿನ ಸುತ್ತ ಪಾಲಿಶ್ ತಾಗದಂತೆ ಅವನು ಪ್ರತಿವರ್ಷ ಟೇಪು ಅಂಟಿಸುತ್ತಿದ್ದ. ಕಾರು ತರುತ್ತಿದ್ದವರು ಎತ್ತರದ, ಕಡಿಮೆ ಮಾತಿನ ಮನುಷ್ಯ. ಕೆಲಸ ಮುಗಿಯುವ ತನಕ ಸ್ಟೂಲಿನ ಮೇಲೆ ಕೂತಿದ್ದು, ಕೊನೆಗೆ ಬಗ್ಗಿ ನೋಡಿ, "ನಡುವೆ ಇನ್ನೊಂದು ಸುತ್ತು ಹಾಕಿಬಿಡಿ" ಅನ್ನುತ್ತಿದ್ದರು. ಇವನು ಹಾಕುತ್ತಿದ್ದ. ಉಣ್ಣೆಯ ಪ್ಯಾಡು, ಒರಟು ಪೇಸ್ಟು. ಆಗ ಮೀಟರ್ ಇರಲಿಲ್ಲ. ಇದ್ದರೂ ಇಟ್ಟು ನೋಡುತ್ತಿದ್ದನೋ ಇಲ್ಲವೋ. ಕಾರು ಹೊಳೆಯುತ್ತಿತ್ತು, ಗಿರಾಕಿ ನಗುತ್ತಿದ್ದರು, ಅಷ್ಟು ಸಾಕಾಗಿತ್ತು. ಹೀಗೆ ಆರು ವರ್ಷ.

ಸಿಸ್ಟರಿಗೆ ಗೊತ್ತಿಲ್ಲ. ಭಾಮೈದನಿಗೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಲು ಬದುಕಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲೋ ಯಾವನೋ ಅಂತ ಮುಗಿದುಹೋಗುತ್ತಿತ್ತು. ಕನ್ನಡಿ ಮೀಟರನ್ನು ಜೇಬಿಗೆ ಹಾಕಿ, ತೆಗೆದು, ಮತ್ತೆ ಹಾಕಿದ.

"ಆ ಎಲ್ಲೋ ಅನ್ನೋದು ಇದೇ ಶೆಡ್ಡು ಸಿಸ್ಟರ್" ಅಂದ. "ನಾನೇ ಉಜ್ಜಿದ್ದು. ಅವರು ಇನ್ನೊಂದು ಸುತ್ತು ಅಂದಾಗ ಬೇಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ನೀವು ಒರೆಸಿದ್ದು, ಇವನು ತೊಳೆದಿದ್ದು, ಎರಡೂ ಸೇರಿದರೂ ನಾನು ತೆಗೆದಷ್ಟು ಬಣ್ಣ ತೆಗೆದಿಲ್ಲ."

ಭಾಮೈದ ಕೈಕಟ್ಟು ಬಿಚ್ಚಿದ. ಎರಡು ವರ್ಷದಿಂದ ಕಾದಿದ್ದ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಯಾಕೋ ನುಂಗಿಕೊಂಡ.

ಸಿಸ್ಟರ್ ಸ್ಟೂಲೆಳೆದು ಕೂತರು. "ಒಂದು ಗಾಯಕ್ಕೆ ಮೂರು ಜನ ಕಾರಣ" ಅಂದರು. "ವಾರ್ಡಿನಲ್ಲೂ ಹೀಗೇ ಆಗ್ತಿತ್ತು. ಅಲ್ಲಿ ಮಾತ್ರ ಒಬ್ಬರೂ ಒಪ್ಪಿಕೊಳ್ತಿರಲಿಲ್ಲ. ಈಗೇನು ಮಾಡೋದು ಅದನ್ನ ಹೇಳಿ."

"ಇನ್ನು ಪಾಲಿಶ್ ಹಾಕೋ ಹಾಗಿಲ್ಲ. ಬಾನೆಟ್ಟಿಗೆ ಹೊಸ ಬಣ್ಣವೇ ಆಗಬೇಕು. ನಾನು ಮಾಡಿಸಿಕೊಡ್ತೀನಿ. ಬಾಗಿಲು, ಚಾವಣಿಯ ಗೀರು ಹಾಗೇ ಇರಲಿ. ಅದನ್ನ ತೆಗೆಯೋಕೆ ಹೋದರೆ ಮತ್ತೆ ಇದೇ ಕಥೆ."

"ತೊಳೆಯೋದು ಹೇಗೆ ಅಂತಾನೂ ಹೇಳಿಕೊಡಿ."

ಅವತ್ತೇ ಹೇಳಿಕೊಟ್ಟ. ಮೊದಲು ನೀರು ಹಾಯಿಸಬೇಕು. ಮೇಲಿನಿಂದ ಕೆಳಗೆ ಬರಬೇಕು. ಚಕ್ರದ ಬಟ್ಟೆ ಮೈಗೆ ತಾಗಿಸಬಾರದು. ಸುತ್ತು ಹಾಕದೆ ಉದ್ದಕ್ಕೆ ಎಳೆಯಬೇಕು, ಒಣಗಿಸುವಾಗ ಬಟ್ಟೆಯನ್ನು ಒತ್ತದೆ ಹಾಸಿ ತೆಗೆಯಬೇಕು. ಸಿಸ್ಟರ್ ಎರಡನೆಯ ಸಲಕ್ಕೇ ಅವನ ತಪ್ಪು ಹಿಡಿದರು. ಜಾಲಿಸುವ ಬಕೆಟ್ಟಿನ ನೀರು ಬದಲಾಯಿಸುವುದು ಮರೆತಿದ್ದ.

ಅವರು ಹೋದ ಮೇಲೂ ಭಾಮೈದ ಅಲ್ಲೇ ಇದ್ದ.

"ಭಾವ, ಮೊದಲೇ ನೀರು ಹೊಡೆಯೋ ಪೈಪು ಹಾಕಿಸಿದ್ರೆ ಗೀರು ಬೀಳಲ್ವಾ?"

"ಕಮ್ಮಿ ಬೀಳತ್ತೆ. ಬೀಳದೇನೂ ಇರಲ್ಲ. ಬ್ರಷ್ಷನ್ನೂ ದಿನಾ ತೊಳಿ."

"ಪೊರಕೇನ ಅಂತೀರಾ?"

"ಬ್ರಷ್ಷನ್ನ ಅಂದೆ" ಅಂದ ಕನ್ನಡಿ.

ಆ ವಾರವೇ ಪೈಪು ಬಂತು. ಭಾನುವಾರ ಮಧ್ಯಾಹ್ನ ಭಾಮೈದ ಅಕ್ಕನ ಮನೆಗೆ ಊಟಕ್ಕೂ ಬಂದ. ಇಬ್ಬರೂ ನೀರಿನ ಒತ್ತಡದ ಬಗ್ಗೆ ಎಷ್ಟು ಜೋರಾಗಿ ವಾದ ಮಾಡಿದರೆಂದರೆ, "ಮಾತು ಬಿಟ್ಟಿದ್ದಾಗಲೇ ಮನೆ ತಣ್ಣಗಿತ್ತು" ಅಂದಳು ಅವಳು. ಬಡಿಸುವ ಕೈ ಮಾತ್ರ ಧಾರಾಳವಾಗಿತ್ತು.

ಕನ್ನಡಿ ಈಗ ಯಾವ ಕಾರು ಬಂದರೂ ಮೊದಲು ಮೀಟರ್ ಇಟ್ಟು ನೋಡುತ್ತಾನೆ. ಸವೆದಿದ್ದರೆ ಬೇಡ ಅಂತ ಹಿಂದಕ್ಕೆ ಕಳಿಸುತ್ತಾನೆ. ಕೆಲವರು ಬೇರೆ ಕಡೆ ಹೋಗಿ ಉಜ್ಜಿಸಿಕೊಳ್ಳುತ್ತಾರೆ. ಅದು ಅವನಿಗೆ ಗೊತ್ತಿದೆ.

ಮೂರು ವಾರದ ಮೇಲೆ ಸಿಸ್ಟರ್ ಕಾರಿನ ಬಾನೆಟ್ ಬಣ್ಣವಾಗಿ ಬಂತು. ಪೇಂಟರ್ ಎಷ್ಟು ಸಲ ಕಲೆಸಿ ನೋಡಿದರೂ ಅಕ್ಕಪಕ್ಕದ ತಗಡಿಗಿಂತ ಒಂದು ಎಳೆ ಗಾಢವೇ ಆಗಿತ್ತು. ಸಿಸ್ಟರ್ ಕಾರನ್ನು ಬಿಸಿಲಿಗೆ ತರಿಸಿ ಸುತ್ತ ಒಂದು ಸುತ್ತು ಬಂದರು.

"ಗೊತ್ತಾಗತ್ತೆ" ಅಂದರು.

"ಬಿಸಿಲಲ್ಲಿ ಗೊತ್ತಾಗತ್ತೆ" ಅಂತ ಒಪ್ಪಿಕೊಂಡ ಕನ್ನಡಿ.

"ಸರಿಹೋಗತ್ತಾ?"

"ಹೋಗಬಹುದು. ಹೋಗದೇನೂ ಇರಬಹುದು."

ಸಿಸ್ಟರ್ ತಲೆಯಾಡಿಸಿ, ಕನ್ನಡಕ ಹಾಕಿಕೊಂಡು, ಕಾರು ಶುರುಮಾಡಿ ತರಕಾರಿ ತರಲು ಹೊರಟರು.