ರುಕ್ಮಯ್ಯನವರು ಪೇಪರಿನಲ್ಲಿ ತೀರಿಕೊಂಡ ದಿನ

ಹುಡುಗನಾಗಿದ್ದಾಗ ರುಕ್ಮಯ್ಯನವರಿಗೆ ಬೆಳಗು ಎಂದರೆ ಒಂದು ವಾಸನೆ. ನಾರಾವಿಯಲ್ಲಿ ಅವರ ಸೋದರಮಾವನದ್ದು ಒಂದು ಚಾ ಹೋಟೆಲಿತ್ತು. ಮೊದಲ ಬಸ್ಸಿನ ಕ್ಲೀನರು ಪತ್ರಿಕೆಯ ಕಟ್ಟನ್ನು ಅದರ ಜಗಲಿಗೆ ಎಸೆದು ಹೋಗುತ್ತಿದ್ದ. ಹುರಿ ಬಿಚ್ಚಿದರೆ ಸೀಮೆಎಣ್ಣೆಯಂಥ ಶಾಯಿಯ ಘಾಟು, ಅದರ ಬೆನ್ನಿಗೆ ಡೀಸೆಲಿನದು, ಒದ್ದೆ ಗೋಣಿಯದು. ಹುಡುಗ ಹಾಳೆಯಲ್ಲಿ ಮೂಗು ಹುದುಗಿಸಿ ನಿಲ್ಲುತ್ತಿದ್ದ. ಮಾವ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಯಾರಾದರೂ ಹುಬ್ಬೇರಿಸಿದರೆ, "ಪೇಪರಿನಲ್ಲಿ ಬಂದಿದೆ ಮಾರಾಯ" ಎನ್ನುತ್ತಿದ್ದರು. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಆ ಮಾತಿನ ರುಚಿ ಹತ್ತಿಯೇ ರುಕ್ಮಯ್ಯನವರು ದೊಡ್ಡವರಾದ ಮೇಲೆ ಅದೇ ಪತ್ರಿಕೆಗೆ ಬೆಳ್ತಂಗಡಿಯಿಂದ ಸುದ್ದಿ ಕಳಿಸುವ ವರದಿಗಾರರಾದರು. ತಲೆ ಬೆಳ್ಳಗಾಗುವವರೆಗೂ ಬರೆದರು. ಈಗ ಹತ್ತಿರದ ಲಾಯಿಲದ ಮನೆಯಲ್ಲಿ ಕೂತು ಓದುವುದಷ್ಟೇ ಕೆಲಸ.

ಆ ದಿನ ಬೆಳಿಗ್ಗೆ ಪತ್ರಿಕೆ ಸಿಗಲಿಲ್ಲ. ಕೇಳಿದರೆ ಹೆಂಡತಿ ದಮಯಂತಿ, "ಇವತ್ತು ಬರಲಿಲ್ಲ" ಎಂದು ಚಾ ಮುಂದಿಟ್ಟರು. ಸಕ್ಕರೆ ಕಾಯಿಲೆಯವರಿಗೆ ಎಂದೂ ಕೊಡದಷ್ಟು ಸಕ್ಕರೆ ಅದರಲ್ಲಿತ್ತು. ಅನುಮಾನ ಬಂದು ಹುಡುಕಿದಾಗ ಪತ್ರಿಕೆ ಅಕ್ಕಿ ಡಬ್ಬದ ಅಡಿಯಲ್ಲಿ ಸಿಕ್ಕಿತು.

ನಿಧನವಾರ್ತೆಯ ಪುಟದಲ್ಲಿ ಅವರದೇ ಭಾವಚಿತ್ರ. ಎಂದೋ ಸನ್ಮಾನದಲ್ಲಿ ಪೇಟ ತೊಡಿಸಿ ತೆಗೆದದ್ದು. "ಹಿರಿಯ ವರದಿಗಾರ ರುಕ್ಮಯ್ಯ ಅವರು ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ ನಿಧನರಾದರು. ಮೃತರು ಪತ್ನಿ, ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ."

ಅವರು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದರು. ಎತ್ತಿದವನು ಉಪಸಂಪಾದಕ, ಹಳೆಯ ಪರಿಚಯದವನೇ.

"ಅಯ್ಯೋ ಸರ್, ತೀರಿಹೋದದ್ದು ನಾರಾವಿಯ ಬೇರೆ ರುಕ್ಮಯ್ಯ ಅಂತೆ. ನಮ್ಮ ಹೊಸ ಹುಡುಗ ತರುಣ್ ಬರೇ ಹೆಸರು ಕಳಿಸಿದ್ದ. ನಮಗೆ ಗೊತ್ತಿದ್ದ ರುಕ್ಮಯ್ಯ ಅಂದರೆ ನೀವೇ."

"ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ?"

"ಸತ್ತವರ ಮನೆಗೆ ಫೋನ್ ಮಾಡಿ ಸತ್ತದ್ದು ಹೌದಾ ಅಂತ ಕೇಳುವುದು ಹೇಗೆ ಸರ್?"

"ಸರಿ. ನಾಳೆ ಒಂದು ಸ್ಪಷ್ಟನೆ ಹಾಕಿ. ಮೂಲೆಯಲ್ಲಾದರೂ ಅಡ್ಡಿಯಿಲ್ಲ."

ಆಚೆ ಅವನು ನಕ್ಕ. "ನೀವೇ ಹೇಳುತ್ತಿದ್ದದ್ದಲ್ವಾ ಸರ್, ತಪ್ಪಾಯಿತು ಅಂತ ಹಾಕಿದರೆ ಮರುದಿನ ಪೇಪರನ್ನು ಯಾರು ನಂಬುತ್ತಾರೆ ಅಂತ? ಹೇಗೂ ನೀವು ಹೊರಗೆ ಓಡಾಡ್ತೀರಿ. ಜನರೇ ನೋಡ್ತಾರೆ."

ಫೋನ್ ಇಟ್ಟ ಮೇಲೆ ರುಕ್ಮಯ್ಯನವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಹೇಗೂ ಬಂದದ್ದು ಬಂದಾಗಿದೆ, ಯಾರೆಲ್ಲ ಓಡಿ ಬರುತ್ತಾರೆ ನೋಡುವ ಎಂಬ ಆಸೆ. ಹಿಂದೆಲ್ಲ ನಿಧನದ ಸುದ್ದಿ ಬಂದರೆ ಜನ ಚಾ ಅರ್ಧ ಬಿಟ್ಟು ಎದ್ದು ಬರುತ್ತಿದ್ದರು. ಅವರು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಅಂಗಳದಲ್ಲಿ ಸಾಲಾಗಿ ಇಟ್ಟರು.

"ಯಾರಿಗೆ ಕುರ್ಚಿ? ಹೆಣ ನೋಡಲಿಕ್ಕೆ ಬರುವವರಿಗಾ?" ದಮಯಂತಿ ಬಾಗಿಲಲ್ಲಿ ನಿಂತು ಕೇಳಿದರು.

"ಬಂದವರಿಗೆ ವಿಷಯ ಹೇಳಿ ಕಳಿಸಬೇಕಲ್ಲ."

"ಬಂದರೆ ಹೇಳುವ." ಅಷ್ಟೇ ಹೇಳಿ ಅವರು ಕುರ್ಚಿಗಳ ಧೂಳು ಒರೆಸಿದರು.

ಮಧ್ಯಾಹ್ನದವರೆಗೆ ಕುರ್ಚಿಗಳ ಮೇಲೆ ಬಿಸಿಲು ಕೂತಿತ್ತು, ಮತ್ತೆ ಕಾಗೆ ಕೂತಿತು. ಬಂಟ್ವಾಳದಿಂದ ಮಗಳು ಸುರಕ್ಷಾ ಫೋನ್ ಮಾಡಿದಳು. ಅದೂ ಅಮ್ಮ ಹೇಳಿದ್ದರಿಂದ.

"ಅಪ್ಪಾ, ಇಲ್ಲಿ ಯಾರಿಗೂ ಗೊತ್ತಿಲ್ಲ. ಮಾವನವರು ಪೇಪರ್ ಬಿಟ್ಟು ಬಹಳ ಕಾಲ ಆಯ್ತು. ಈಗ ಇವರೆಲ್ಲ ಉಜ್ವಲ್‌ನ ಸುದ್ದಿ ಚಾನೆಲೇ ಮೊಬೈಲಿನಲ್ಲಿ ನೋಡುವುದು. ಬೇಜಾರು ಮಾಡಬೇಡಿ."

ಯಾರೂ ಬರದಿದ್ದಾಗ ಸತ್ತವರೇ ಎದ್ದು ಹೊರಟರು. ಬಿಳಿ ಪಂಚೆ ಉಟ್ಟು, ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಶೀನಪ್ಪನ ಹೋಟೆಲಿಗೆ ಹೋದರು. ಶೀನಪ್ಪ ಕಾದ ಎಣ್ಣೆಯಿಂದ ಗೋಳಿಬಜೆ ಎತ್ತುತ್ತಿದ್ದ. ರಿಕ್ಷಾದ ಚಿನ್ನಯ್ಯ ಬೆಂಚಿನಲ್ಲಿ ಕೂತಿದ್ದ. ಇಬ್ಬರೂ ತಲೆ ಎತ್ತಿ ನೋಡಿ, ದಿನದ ಹಾಗೆಯೇ ತಲೆ ತಗ್ಗಿಸಿದರು.

"ಇವತ್ತಿನ ಪೇಪರ್ ನೋಡಲಿಲ್ಲವಾ?" ರುಕ್ಮಯ್ಯನವರು ತಾವಾಗಿಯೇ ಕೇಳಿದರು.

"ನಿಮ್ಮ ಪೇಪರಾ?" ಶೀನಪ್ಪ ಜಾಲರಿ ಕುಟ್ಟಿ ಎಣ್ಣೆ ಇಳಿಸಿದ. "ಗೋಳಿಬಜೆ ಕಟ್ಟಲಿಕ್ಕೆ ಹಳೆಯದನ್ನು ಕಿಲೋ ಲೆಕ್ಕದಲ್ಲಿ ತರ್ತೇನೆ. ಹೊಸದು ಬೇಡ, ಶಾಯಿ ಹತ್ತುತ್ತದೆ."

ಅವರು ಪುಟ ಬಿಚ್ಚಿ ತೋರಿಸಿದರು. ಚಿನ್ನಯ್ಯ ಬೆರಳಿಟ್ಟು ಜೋರಾಗಿ ಓದಿದ. ಓದಿ ಮುಗಿಸಿ, ಎದುರಿಗಿದ್ದ ಮುಖವನ್ನೂ ಪೇಟದ ಚಿತ್ರವನ್ನೂ ನೋಡಿ ಹೇಳಿದ. "ಇದರಲ್ಲಿ ಬಂದದ್ದಾ? ಹಾಗಾದರೆ ನೀವು ಗಟ್ಟಿ ಇದ್ದೀರಿ ಅಂತ ಲೆಕ್ಕ. ಇನ್ನು ಹೆದರಲಿಕ್ಕಿಲ್ಲ ರುಕ್ಮಯ್ಯಣ್ಣ."

ಹೋಟೆಲಿಗೆ ಹೋಟೆಲೇ ನಕ್ಕಿತು.

"ನೀವೇ ಬರೆದದ್ದಾ ಇದನ್ನು?" ಶೀನಪ್ಪ ಒಲೆಯ ಹತ್ತಿರದಿಂದಲೇ ಕೇಳಿದ. "ಮುನವ್ವರನ ಸುದ್ದಿ ಬರೆದ ಹಾಗೆ, ಮನೆಯಲ್ಲಿ ಕೂತುಕೊಂಡು?"

ನಗು ನಿಂತಿತು. ಲಾಯಿಲಕ್ಕೆ ಲಾಯಿಲವೇ ಬಲ್ಲ ವಿಷಯ. ಜಿನಸಿ ಅಂಗಡಿಯ ಮೊಯ್ದೀನ್ ಮತ್ತು ಜುಲೈಕಾ ಅವರ ಒಬ್ಬನೇ ಮಗ ಮುನವ್ವರ್. ಮೂಡುಬಿದಿರೆಯ ಕಾಲೇಜಿನಿಂದ ಬೈಕಿನಲ್ಲಿ ಮನೆಗೆ ಬರುವಾಗ ವೇಣೂರಿನ ಆಚೆಯ ತಿರುವಿನಲ್ಲಿ ಜಲ್ಲಿ ಲಾರಿ ಬಡಿದು ಸತ್ತಿದ್ದ. ಆ ಸಂಜೆ ರುಕ್ಮಯ್ಯನವರಿಗೆ ಮಂಡಿನೋವು. ಸ್ಥಳಕ್ಕೆ ಹೋಗದೆ, ಯಾರೋ ಫೋನಿನಲ್ಲಿ ಹೇಳಿದ್ದನ್ನು ಬರೆದು ಕಳಿಸಿದರು. ಬೈಕಿನವನದೇ ಅತಿವೇಗ ಎಂದು. ಸಪ್ಪೆಯಾಯಿತು ಅನ್ನಿಸಿ ತಾವೇ ತಲೆಬರಹವನ್ನೂ ಕೊಟ್ಟರು: "ಶೋಕಿಗೆ ಬಲಿಯಾದ ವಿದ್ಯಾರ್ಥಿ." ಮರುದಿನ ಉಜ್ವಲ್ ಎಂಬ ಹುಡುಗ ತಿರುವಿಗೆ ಹೋಗಿ, ಪಕ್ಕದ ಅಂಗಡಿಯ ಕ್ಯಾಮೆರಾದಲ್ಲಿದ್ದದ್ದನ್ನು ಕೇಳಿ ಪಡೆದು, ತನ್ನ ಚಾನೆಲಿನಲ್ಲಿ ಹಾಕಿದ. ಬೈಕು ರಸ್ತೆಯ ಅಂಚಿನಲ್ಲಿ ನಿಧಾನಕ್ಕೆ ಬರುತ್ತಿತ್ತು. ಲಾರಿಯೇ ಅಡ್ಡ ಬಂದದ್ದು. ಲಾರಿಯ ಯಜಮಾನನ ಹಬ್ಬದ ಶುಭಾಶಯ ವರ್ಷ ವರ್ಷವೂ ಪತ್ರಿಕೆಯ ಮುಖಪುಟದಲ್ಲಿ ಬರುತ್ತಿತ್ತು ಎಂಬುದು ಆಗ ಎಲ್ಲರಿಗೂ ನೆನಪಾಯಿತು. ಮನೆಮನೆಗಳಲ್ಲಿ ಪೇಪರ್ ನಿಂತಿತು.

ರುಕ್ಮಯ್ಯನವರು ಮುಂದೆ ಇಟ್ಟಿದ್ದ ಚಾ ಕುಡಿಯದೆ ಎದ್ದರು. ಶೀನಪ್ಪ ಚಾದ ದುಡ್ಡು ಕೇಳಲಿಲ್ಲ. ಅವರ ಬಿಚ್ಚಿದ ಪತ್ರಿಕೆಯನ್ನು ಚಿನ್ನಯ್ಯ ಮಡಚಿ, ಎಣ್ಣೆ ತಾಗದ ಹಾಗೆ ಎರಡು ಬೆರಳಲ್ಲಿ ಹಿಡಿದು ಕೊಟ್ಟ.

ಮನೆ ತಲುಪುವಾಗ ಉಜ್ವಲ್‌ನ ಫೋನ್ ಬಂತು.

"ಸರ್, ನೀವು ಇದ್ದೀರಲ್ಲ? ಅಷ್ಟು ಖಚಿತ ಮಾಡಿಕೊಳ್ಳುವ ಅಂತ." ಊರಿನಲ್ಲಿ ಈ ಪ್ರಶ್ನೆ ಕೇಳಿದವನು ಅವನೊಬ್ಬನೇ. "ಒಂದು ಸಣ್ಣ ಮಾತುಕತೆ ಮಾಡುವಾ? 'ತೀರಿಹೋದವರ ಜೊತೆ ಐದು ನಿಮಿಷ' ಅಂತ ಹಾಕಿದರೆ ತುಂಬ ಜನ ನೋಡ್ತಾರೆ."

"ನನಗೆ ಮರ್ಯಾದೆ ಅಂತ ಒಂದು ಉಂಟು."

"ಮುನವ್ವರನಿಗೂ ಇತ್ತಲ್ಲ ಸರ್" ಎಂದ ಉಜ್ವಲ್, ಒಂದಿಷ್ಟೂ ದನಿ ಏರಿಸದೆ.

ಹೊತ್ತು ಮುಳುಗುವಾಗ ಸುದ್ದಿ ಅವನ ಚಾನೆಲಿನಲ್ಲಿತ್ತು. ಕೆಳಗೆ ಜನ ಬರೆದದ್ದನ್ನು ದಮಯಂತಿ ಓದಲಿಕ್ಕೆ ಬಿಡಲಿಲ್ಲ. ಆದರೂ ರುಕ್ಮಯ್ಯನವರು ಒಂದೆರಡು ಕಂಡರು. "ಸತ್ತದ್ದು ಪೇಪರ್, ಫೋಟೋ ತಪ್ಪಿದೆ" ಎಂದು ಯಾರೋ ಬರೆದಿದ್ದರು.

ಒಬ್ಬನಾದರೂ ಬರಲಿ ಎಂದು ಅವರು ಅಂಗಳದಲ್ಲೇ ಕೂತರು. ಬರುವವನು ಅಳಬೇಕಾಗಿರಲಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ನಂಬಿ ಈ ಗೇಟು ದಾಟಿ ಬಂದರೆ ಸಾಕಿತ್ತು.

ದೀಪ ಹಾಕುವ ಹೊತ್ತಿಗೆ ಗೇಟಿನ ಹತ್ತಿರ ಸ್ಕೂಟರು ನಿಂತಿತು. ಇಳಿದವರು ಮೊಯ್ದೀನ್. ಕೈಯಲ್ಲಿ ಒಂದು ಚೀಲ. ಕುರ್ಚಿಯಲ್ಲಿ ಕೂತ ರುಕ್ಮಯ್ಯನವರನ್ನು ನೋಡಿ ಅವರು ಬೆಚ್ಚಲಿಲ್ಲ.

"ಇದ್ದೀರಿ" ಎಂದರು.

"ಇದ್ದೇನೆ. ಕೂತುಕೊಳ್ಳಿ ಮೊಯ್ದೀನ್. ನಿಮಗೆ ಯಾರು ಹೇಳಿದರು?"

"ಪೇಪರಿನಲ್ಲಿ ಓದಿದೆ."

ರುಕ್ಮಯ್ಯನವರ ಮುಖ ಅರಳಿತು, ತಡೆಯಲಿಕ್ಕೆ ಆಗಲಿಲ್ಲ. "ನೀವು ಇನ್ನೂ ತರಿಸ್ತೀರಾ?"

"ದಿನಾ. ನಿಮ್ಮಲ್ಲಿಗೆ ಬಂದು ಕೇಳಿದ್ದೆನಲ್ಲ, ನನ್ನ ಮಗನದ್ದು ತಪ್ಪಿಲ್ಲ ಅಂತ ಒಂದು ಸಾಲು ಹಾಕಿಸಿ ಅಂತ. ಆಗುವುದಿಲ್ಲ ಅಂದಿರಿ. ಆದರೂ ಯಾರಾದರೂ ಯಾವತ್ತಾದರೂ ಹಾಕಿದರೆ, ಆ ದಿನ ನಾನು ನೋಡದೆ ಹೋಗಬಾರದಲ್ಲ. ಎಲ್ಲ ಪುಟವನ್ನೂ ಓದ್ತೇನೆ. ಹಾಗೆ ಓದುವಾಗ ನೀವು ಸಿಕ್ಕಿದಿರಿ." ಮೊಯ್ದೀನ್ ನಿಂತೇ ಇದ್ದರು. "ನಂಬಲಿಕ್ಕೆ ಆಗಲಿಲ್ಲ. ಆ ಪೇಪರ್ ಹೇಳಿದ್ದನ್ನು ಹೋಗಿ ನೋಡಿಯೇ ತಿಳಿಯಬೇಕು. ಅಂಗಡಿ ಮುಚ್ಚಿ ಬಂದೆ."

ರುಕ್ಮಯ್ಯನವರು ಕುರ್ಚಿಯಿಂದ ಎದ್ದು ನಿಂತರು. "ನಾನು ಬರೆದು ಕೊಡ್ತೇನೆ ಮೊಯ್ದೀನ್. ತಪ್ಪು ನನ್ನದೇ ಅಂತ. ಸಹಿ ಹಾಕಿಯೇ ಕೊಡ್ತೇನೆ."

"ಯಾರು ಹಾಕ್ತಾರೆ ಅದನ್ನು?" ಮೊಯ್ದೀನ್ ಕೇಳಿದರು. "ಪೇಪರಿನವರ ಲೆಕ್ಕದಲ್ಲಿ ನೀವು ಸತ್ತಿದ್ದೀರಿ. ಚಾನೆಲಿನವರ ಲೆಕ್ಕದಲ್ಲಿ ನೀವು ತಮಾಷೆ."

ಒಳಗಿನಿಂದ ದಮಯಂತಿ ಬಂದು ಕಂಬಕ್ಕೆ ಒರಗಿ ನಿಂತರು. ಮೊಯ್ದೀನ್ ದಮಯಂತಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಜುಲೈಕಾ ಕೊಟ್ಟು ಕಳಿಸಿದ್ದು ಅಕ್ಕ. ನಾನಾದರೆ ತರುತ್ತಿರಲಿಲ್ಲ. ಸುದ್ದಿ ನಿಜ ಇದ್ದರೆ ನಿಮ್ಮ ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲ ಅಂತ ಅವಳೇ ಗಂಜಿ ಮಾಡಿದಳು. ಮೀನು ಮುಟ್ಟದ ಹೊಸ ಪಾತ್ರೆಯಲ್ಲಿ."

ಅವರು ಚೀಲದಿಂದ ಹಿಡಿಕೆಯಿದ್ದ ಬಿಸಿ ತೂಕುಪಾತ್ರೆ ತೆಗೆದರು. ತಳಕ್ಕೆ ಒಂದು ಬಟ್ಟೆ ಸುತ್ತಿ, ಕೈ ಸುಡದ ಹಾಗೆ, ದಮಯಂತಿಯ ಕೈಗೆ ಕೊಟ್ಟರು.