ಒರೆಸಿ ಹಾಕಿದ ಗ್ರೀಸ್

ಬೆಳಿಗ್ಗೆ ರದೊಯ್ಕ ಅಂಗಳದ ಒಲೆಯ ಮೇಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಸಿಪ್ಪೆ ತೆಗೆದು, ಅರೆದು, ಚಳಿಗಾಲಕ್ಕೆ ಐವಾರ್ ಎಂಬ ಚಟ್ನಿ ಮಾಡಿ ಸೀಸೆಗೆ ತುಂಬಬೇಕಿತ್ತು. ಒಂದು ಮಗ್ಗುಲು ಕಪ್ಪಾದವನ್ನು ಮಗುಚುವಷ್ಟರಲ್ಲಿ ಬೇಲಿಯ ಬಾಗಿಲು ಧಡಾರನೆ ತೆರೆಯಿತು.

ಬಂದವಳು ದೆಸಾಂಕ. ಕಪ್ಪು ಲಂಗ, ಕಪ್ಪು ತಲೆವಸ್ತ್ರ. ಅವಳ ಗಂಡ ವೆಲಿಮಿರ್ ಸತ್ತು ವರ್ಷ ತುಂಬಿರಲಿಲ್ಲ. ರದೊಯ್ಕಳ ಮದುವೆಗೆ ಸಾಕ್ಷಿ ನಿಂತವರು ಈ ಗಂಡ ಹೆಂಡತಿಯೇ. ಆ ಊರಿನಲ್ಲಿ ಅದು ರಕ್ತಸಂಬಂಧಕ್ಕಿಂತ ಹತ್ತಿರದ ನಂಟು. ಅಂಥ ಹೆಂಗಸನ್ನು 'ಕೂಮಾ' ಎಂದು ಕರೆಯುತ್ತಾರೆ.

"ಜಿವೊಯಿನ್ ಎಲ್ಲಿ? ಇವತ್ತು ಯಂತ್ರ ಹೊರಡಿಸಬೇಡ ಅಂತ ಹೇಳು ಅವನಿಗೆ."

ರದೊಯ್ಕಳ ಗಂಡ ಜಿವೊಯಿನ್ ಅಗೆಯುವ ಯಂತ್ರದ ಕೆಳಗಿನಿಂದ ತಲೆ ಹೊರಗೆ ಹಾಕಿದ. ಕೈಯಲ್ಲಿ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆ. ಎಂಟು ವರ್ಷದ ಮಗಳು ನೆವೆನ ಪಕ್ಕದಲ್ಲಿ ನೀರಿನ ಬಕೆಟ್ಟು ಹಿಡಿದು ನಿಂತಿದ್ದಳು. ನಾಳಿದ್ದು ಮನೆಯ ಸಂತನ ಹಬ್ಬ. ಅಲ್ಲಿ ಒಂದೊಂದು ಮನೆಗೂ ಒಬ್ಬೊಬ್ಬ ಸಂತ, ಒಂದೊಂದು ಹಬ್ಬದ ದಿನ. ಪಾದ್ರಿ ಬರುತ್ತಾರೆ, ನೆಂಟರು ಬರುತ್ತಾರೆ. ಹಬ್ಬಕ್ಕೆ ಮೊದಲು ಯಂತ್ರವನ್ನೂ ತೊಳೆದು ಒರೆಸಿ ಫಳಫಳ ಮಾಡುವುದು ಅಲ್ಲಿನವರ ಪದ್ಧತಿ. ಯಂತ್ರದ ಮೇಲ್ಭಾಗ ಕೂತು ತಿರುಗುವ ಬೇರಿಂಗಿನ ಸುತ್ತ ಹಿಂಡಿಕೊಂಡು ಬಂದಿರುವ ಹಳೆಯ ಗ್ರೀಸನ್ನು ಎಲ್ಲಕ್ಕಿಂತ ಮೊದಲು ಒರೆಸಿ ಎಸೆಯುತ್ತಾರೆ.

"ಏನ್ ಕೂಮಾ, ಬೆಳಿಗ್ಗೆನೇ ಪೊಲೀಸ್ ಥರ ನುಗ್ಗಿಬಿಟ್ಟೆ?"

"ನಿನ್ನೆ ಸಂಜೆ ನೀನು ಇದನ್ನ ತಿರುಗಿಸ್ದಾಗ ಟಕ್ ಟಕ್ ಅಂತಿತ್ತು. ನನ್ನ ಅಡುಗೆಮನೆಗೇ ಕೇಳಿಸ್ತು."

"ಹಳೇದು, ಅನ್ನುತ್ತೆ. ನನ್ನ ಮಂಡೀನೂ ಹಂಗೇ ಅನ್ನುತ್ತೆ. ಅದನ್ನೂ ಬಿಚ್ಚಿ ನೋಡ್ತೀಯಾ?"

"ನಿನ್ನ ಮಂಡಿ ಮುರಿದ್ರೆ ನೀನೊಬ್ಬನೇ ಬೀಳ್ತೀಯ. ಇದು ಮುರಿದ್ರೆ, ಮೇಲಿರೋ ಕ್ಯಾಬಿನ್ನು, ಇಂಜಿನ್ನು, ತೋಳು ಎಲ್ಲಾ ಒಟ್ಟಿಗೆ ಮಗುಚುತ್ತೆ. ಅಷ್ಟನ್ನೂ ಹೊತ್ಕೊಂಡು ತಿರುಗೋದು ಈ ಒಂದು ಉಂಗುರ ಕಣೋ."

"ಅವ್ನು ಹೋದಾಗಿಂದ ನಿನಗೆ ಬಾಗಿಲು ಕಿರ್ ಅಂದ್ರೂ ಸಾವೇ ಕೇಳಿಸುತ್ತೆ," ಎಂದುಬಿಟ್ಟ ಜಿವೊಯಿನ್.

ಒಲೆಯ ಮುಂದೆ ರದೊಯ್ಕಳ ಕೈ ನಿಂತಿತು. ದೆಸಾಂಕಳ ಮುಖ ಮಾತ್ರ ಕದಲಲಿಲ್ಲ.

"ಹೌದು, ಕೇಳಿಸುತ್ತೆ. ವೆಲಿಮಿರನ ಯಂತ್ರ ಮಗುಚಿ ಅವನು ಸತ್ತಾಗ ತನಿಖೆಗೆ ಬಂದೋರು ಅದರ ಬೇರಿಂಗಿನ ಬೋಲ್ಟುಗಳನ್ನ ನನ್ನ ಮುಂದೆ ಸಾಲಾಗಿಟ್ರು. ಅರ್ಧಕ್ಕರ್ಧ ಮುರಿದ ಜಾಗದಲ್ಲಿ ತುಕ್ಕಿತ್ತು. ಅಂದ್ರೆ ಬೀಳೋದಕ್ಕೆ ಎಷ್ಟೋ ಮೊದಲೇ ಬಿರುಕು ಬಿಟ್ಟಿದ್ವು. ಹೇಗೆ ನೋಡ್ಬೇಕು ಅಂತ ಅವರ ಹತ್ರ ಒಂದೊಂದೇ ಕೇಳಿ ಕಲಿತೆ. ಗಂಡನ್ನ ಮಣ್ಣು ಮಾಡಿ ಬಂದು ಕಲಿತೆ."

ಜಿವೊಯಿನ್‌ಗೆ ಆ ದಿನ ಕಲ್ಲುಗಣಿಯ ಮೇಲಿನ ಅಂಚಿನಲ್ಲಿ ಕೆಲಸ. ಕೆಳಗೆ ನಲವತ್ತು ಅಡಿ ಆಳ. ರದೊಯ್ಕ ಎದ್ದು ಹೋಗಿ ಯಂತ್ರದ ಕೀಲಿ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

"ಅವಳು ಹೇಳ್ದಂಗೆ ನೋಡೋವರೆಗೂ ಇದು ನಿನಗೆ ಸಿಗಲ್ಲ. ಬೇಕಾದ್ರೆ ನನ್ನ ಮೇಲೆ ಕೂಗಾಡು."

ದೆಸಾಂಕ ಅವನ ಕೈಯ ಬಟ್ಟೆ ಇಸಿದುಕೊಂಡಳು. ಅದರ ಮೇಲಿನ ಹಳೆಯ ಗ್ರೀಸನ್ನು ಎರಡು ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದಳು. ಕರಿ ಮುದ್ದೆಯ ಒಳಗೆ ಬೆಳ್ಳಿ ಪುಡಿಯಂತೆ ಮಿಂಚಿತು.

"ನೋಡು. ಇದು ಕೊಳೆ ಅಲ್ಲ, ನಿನ್ನ ಬೇರಿಂಗಿನ ಹಿಟ್ಟು. ಕಬ್ಬಿಣ ಒಳಗೊಳಗೇ ಸವೆದು ಹೊರಗೆ ಬರ್ತಿದೆ. ನೀವು ಹಬ್ಬ ಅಂತ ಒರೆಸಿ, ಸಾಕ್ಷೀನೇ ಎಸೀತೀರ."

ಆಮೇಲೆ ಅವನ ಕೈಯಲ್ಲೇ ಸುತ್ತಿಗೆಯಿಂದ ಬೇರಿಂಗಿನ ಬೋಲ್ಟುಗಳನ್ನು ಒಂದೊಂದಾಗಿ ತಟ್ಟಿಸಿದಳು. ಬಿಗಿಯಾಗಿದ್ದವು ಟಣ್ ಎಂದವು. ಮುಂಭಾಗದ ಎರಡು ದಪ್ ಎಂದವು. ಜಿವೊಯಿನ್ ಸ್ಪ್ಯಾನರ್ ತರಲು ಹೊರಟ.

"ಬಿಗಿ ಮಾಡಿ ಸಮಾಧಾನ ಪಟ್ಕೋಬೇಡ. ಸಡಿಲಾಗಿರೋದು ಆಗ್ಲೇ ಜಗ್ಗಿ ಹೋಗಿರುತ್ತೆ. ಹೊಸಾದೇ ಹಾಕ್ಬೇಕು. ಮೊದ್ಲು ಅಲುಗಾಟ ಎಷ್ಟಿದೆ ನೋಡೋಣ."

ಅವಳ ಚೀಲದಲ್ಲಿ ಮುಳ್ಳು ಗಡಿಯಾರದಂಥ ಒಂದು ಅಳತೆ ಉಪಕರಣವಿತ್ತು. ಅಳೆಯುವಷ್ಟು ಹೊತ್ತಿಗೆ ಮಾತ್ರ ಎಂದು ರದೊಯ್ಕ ಕೀಲಿ ಕೊಟ್ಟಳು. ಯಂತ್ರ ಸಮತಟ್ಟಾದ ಗಟ್ಟಿ ನೆಲದ ಮೇಲಿತ್ತು. ತೋಳಿನ ತುದಿಯ ಅಗೆಯುವ ಬಕೆಟ್ಟನ್ನು ಮೇಲೆತ್ತಿ ನಿಲ್ಲಿಸಿ, ಕೆಳಗಿನ ಚೌಕಟ್ಟಿಗೆ ಉಪಕರಣದ ಅಯಸ್ಕಾಂತ ಅಂಟಿಸಿ, ತುದಿಯನ್ನು ಮೇಲಿನ ಭಾಗಕ್ಕೆ ತಾಗಿಸಿ, ಮುಳ್ಳನ್ನು ಸೊನ್ನೆಗೆ ತಂದರು. ಜಿವೊಯಿನ್ ಕ್ಯಾಬಿನ್ನಿನಲ್ಲಿ ಕೂತ, ಉಳಿದವರೆಲ್ಲ ಬೇಲಿಯವರೆಗೆ ಸರಿದರು. ಜಿವೊಯಿನ್ ಬಕೆಟ್ಟನ್ನು ನೆಲಕ್ಕೊತ್ತಿದ. ಯಂತ್ರದ ಮೂತಿ ತುಸು ಮೇಲೆದ್ದಿತು. ಅವನು ಲಿವರ್ ಲಾಕ್ ಮಾಡಿ ಎರಡೂ ಕೈ ಎತ್ತಿ ತೋರಿಸಿದ ಮೇಲೆಯೇ ದೆಸಾಂಕ ಹತ್ತಿರ ಹೋದಳು. ಸಂದಿಗೆ ಬೆರಳು ಹಾಕಲಿಲ್ಲ, ಬರೀ ಮುಳ್ಳು ನೋಡಿದಳು.

ಯಂತ್ರದ ಪುಸ್ತಕದಲ್ಲಿ ಹೇಳಿದ್ದ ಮಿತಿಯ ಹೆಚ್ಚುಕಮ್ಮಿ ಎರಡರಷ್ಟು ತೋರಿಸುತ್ತಿತ್ತು.

ಜಿವೊಯಿನ್ ಇಳಿದು ಬಂದು ಮೆಟ್ಟಿಲ ಮೇಲೆ ಕೂತ. ಗಣಿಯ ಮೇಸ್ತ್ರಿಗೆ ಫೋನು ಮಾಡಿ, "ಬರಲ್ಲ. ಇವತ್ತಲ್ಲ, ಬೇರಿಂಗ್ ಬದಲಾಯಿಸೋವರೆಗೂ ಬರಲ್ಲ," ಎಂದ. ಆ ಕಡೆಯ ಬೈಗುಳ ಅಂಗಳಕ್ಕೆಲ್ಲ ಕೇಳಿಸಿತು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಒಲೆಯ ಮೇಲಿನ ಮೆಣಸಿನಕಾಯಿ ಪೂರ್ತಿ ಇದ್ದಿಲಾಗಿತ್ತು. ರದೊಯ್ಕ ಅದನ್ನು ಇಳಿಸಲೂ ಇಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಯಂತ್ರ ನಡೆಸುವವರ ಮನೆಯ ಅಕ್ಕತಂಗಿಯರೇ, ಗ್ರೀಸು ಒರೆಸುವ ಮೊದಲು ಅದನ್ನು ಬೆರಳಲ್ಲಿ ತಿಕ್ಕಿ ನೋಡಿ. ಹೊಸ ಗ್ರೀಸನ್ನು ಒಂದೇ ಕಡೆ ತುಂಬಬೇಡಿ. ಸ್ವಲ್ಪ ತುಂಬಿ, ಜನರನ್ನು ದೂರ ಕಳಿಸಿ, ಯಂತ್ರ ತುಸು ತಿರುಗಿಸಿ, ನಿಲ್ಲಿಸಿ, ಮತ್ತೆ ತುಂಬಿ. ಗ್ರೀಸು ತಡೆದಿಡುವ ರಬ್ಬರ್ ಸೀಲು ಹರಿದಿದೆಯೇ, ಬೋಲ್ಟು ಸಡಿಲವೇ, ತಿರುಗುವಾಗ ಸದ್ದು ಬರುತ್ತದೆಯೇ ನೋಡಿ. ಅಲುಗಾಟವನ್ನು ಅಳೆದು ಬರೆದಿಡಿ. ಮಿತಿ ದಾಟಿದ್ದರೆ ಯಂತ್ರ ನಿಲ್ಲಿಸಿಬಿಡಿ. ಬೇರೆಯವರ ಯಂತ್ರದಲ್ಲಿ ಕಂಡರೂ ಬಾಯಿಬಿಟ್ಟು ಹೇಳಿ. ಸಂಕೋಚ ಮಾಡಬೇಡಿ.

ದೆಸಾಂಕ ಉಪಕರಣವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ರದೊಯ್ಕ ಅವಳಿಗೆ ಕಾಫಿ ಬಗ್ಗಿಸಿದಳು. ನೆವೆನ ಇನ್ನೂ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಬೆಳಗಿನಿಂದ ಮೂರು ಸಲ ಬಾಯಿ ತೆರೆದು ಮುಚ್ಚಿದ್ದಳು. ಕೊನೆಗೆ ಅಪ್ಪನ ಮುಂದೆ ಹೋಗಿ ನಿಂತು ಕೇಳಿಯೇಬಿಟ್ಟಳು:

"ಅಪ್ಪಾ, ಹೋದ ಡಿಸೆಂಬರಿನಲ್ಲಿ ವೆಲಿಮಿರ್ ಮಾವನ ಮನೆ ಹಬ್ಬಕ್ಕೆ ಅವರ ಯಂತ್ರ ಒರೆಸಿದ್ದು ನಾವಿಬ್ಬರೇ ಅಲ್ವಾ? ಆವತ್ತು ನಿನ್ನ ಬಟ್ಟೇನೂ ಹೀಗೇ ಮಿಂಚ್ತಿತ್ತು. ನೀನು ಮಾವಂಗೆ ಯಾಕೆ ಹೇಳ್ಲಿಲ್ಲ?"