ತೊಗಲಿನ ಅಕ್ಷರ

"ಡಾಕ್ಟರ್ ಅಲ್ರೀ ಇಂವಾ, ಚಪ್ಪಲಿ ಹೊಲಿಯಾಂವ!"

ಬಸವಪ್ರಸಾದ ಸೌಟನ್ನು ಸಾರಿನ ಪಾತ್ರೆಯ ಅಂಚಿಗೆ ಬಡಿದು ಹೇಳಿದ. ಜರ್ಮನಿಯ ಆಖೆನ್‌ನ ಬಾಡಿಗೆ ಹಾಲಿನಲ್ಲಿ ಯುಗಾದಿ ಊಟಕ್ಕೆ ಕೂತಿದ್ದ ಕನ್ನಡದವರೆಲ್ಲ ತಿರುಗಿ ನೋಡಿದರು. "ನಮ್ಮ ಮ್ಯಾನೇಜರ್ ಕಾಲಿಂದು ಅಳತಿ ತೊಗೊಂಡಾನಂತ. ಅಥಣಿಯಿಂದ ಬಂದು ಇಲ್ಲೂ ಅದ ಕಸಬು! ನಾವು ಡಾಕ್ಟರ್ ಸಾಹೇಬ್ರ, ಡಾಕ್ಟರ್ ಸಾಹೇಬ್ರ ಅನ್ಕೋತ ಅಡ್ಡಾಡೀವಿ."

ನಗು ಎದ್ದಿತು. ಬಡಿಸಲು ನಿಂತಿದ್ದ ಬಾಳಪ್ಪನ ಕೈಯಲ್ಲಿ ಹೋಳಿಗೆಯ ತಟ್ಟೆಯಿತ್ತು. ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ಜಲಜಮ್ಮ ಆಗಷ್ಟೇ "ಡಾಕ್ಟ್ರೇ, ಈ ಹಿಮ್ಮಡಿ ಒಂಚೂರು ನೋಡಿ" ಎಂದು ಕಾಲು ಚಾಚಿದ್ದರು. ಈಗ ಮೆಲ್ಲಗೆ ಸೀರೆಯೊಳಗೆ ಎಳೆದುಕೊಂಡರು. ಮಗಳು ಸ್ಮಿತಾ ಎದ್ದು ಬಂದು, "ನೀವು ಕೂತ್ಕೊಳ್ಳಿ, ನಾವು ಬಡಿಸ್ತೀವಿ" ಎಂದು ತಟ್ಟೆ ತೆಗೆದುಕೊಂಡಳು. ಬೈಗುಳಕ್ಕಿಂತ ಆ ಮರ್ಯಾದೆ ಹೆಚ್ಚು ಉರಿಯಿತು.

ಅವನು ಸುಳ್ಳು ಹೇಳಿರಲಿಲ್ಲ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು, ನಡಿಗೆ ಕೆಟ್ಟವರ ಕಾಲಿಗೆ ಬೂಟು ಕಟ್ಟುವ ಕೆಲಸ ಕಲಿಯಲು ಔಸ್‌ಬಿಲ್ಡುಂಗ್ ಎಂಬ ಇಲ್ಲಿನ ಕಸುಬಿನ ತರಬೇತಿ ಹಿಡಿದು ಬಂದವನು. ಯಾರೋ ಕೇಳಿದಾಗ "ಆರ್ಥೋಪೆಡಿಕ್ ಲೈನ್" ಎಂದಿದ್ದ. ಉಳಿದದ್ದನ್ನು ಅವರೇ ಸೇರಿಸಿಕೊಂಡರು, ಇವನು ತಿದ್ದಲಿಲ್ಲ. ಇವತ್ತು ಎಲ್ಲರೆದುರು ತಾನೇ ಎದ್ದು ನಿಂತು ಹೇಳಬೇಕೆಂದು ಬಂದಿದ್ದ. ಮಿಜುಕಿಗಾಗಿ.

ಮಿಜುಕಿ ಜಪಾನಿನವಳು, ಅವನ ಪಕ್ಕದ ಬೆಂಚಿನಲ್ಲಿ ಕೆಲಸ ಕಲಿತವಳು. ಒಂದು ಮಧ್ಯಾಹ್ನ ತೊಗಲಿನ ಚೂರಿನ ಮೇಲೆ ಸೀಮೆಸುಣ್ಣದಿಂದ ಎರಡು ಅಕ್ಷರ ಬರೆದಳು: 革命. ಮೊದಲನೆಯದನ್ನು ತೋರಿಸಿ, "ಇದೇನು, ಹೇಳು" ಎಂದಳು.

ಬಾಳಪ್ಪ ನೋಡಿದ. ತಲೆ, ಹರಡಿದ ಕಾಲು, ಕೆಳಗೆ ಬಾಲ. ಅವನ ಆಯಿ ಹಿತ್ತಲಿನಲ್ಲಿ ಬಿಸಿಲಿಗೆ ಹಾಗೇ ಎಳೆದು ಕಟ್ಟುತ್ತಿದ್ದಳು.

"ತೊಗಲು!"

"ಕೂದಲು ಹೆರೆದ ತೊಗಲು. ಎರಡನೆಯದು ಆಕಾಶ ಅರಸನಿಗೆ ಕೊಟ್ಟ ಅಪ್ಪಣೆ. ಅರಸ ಕೆಟ್ಟರೆ ಆಕಾಶ ಆ ಅಪ್ಪಣೆಯನ್ನು ಕೂದಲು ಹೆರೆದ ಹಾಗೆ ತೆಗೆದುಬಿಡುತ್ತೆ. ಚೀನಾದವರ ಬಹಳ ಹಳೆಯ ಮಾತು. ಯುರೋಪಿನ ರೆವೊಲ್ಯೂಷನ್‌ಗೆ ಪದ ಬೇಕಾದಾಗ ನಮ್ಮವರು ಇದನ್ನೇ ಎತ್ತಿಕೊಂಡರು. ಕಕುಮೇ."

ಅಳತೆ ಕೊಡಲು ಕೂತಿದ್ದ ಕೊರಿಯದ ಮುದುಕಿ, ಹಿಂದೆ ಇಲ್ಲೇ ನರ್ಸ್ ಆಗಿದ್ದವಳು, ಇಣುಕಿ ನೋಡಿ "ಹ್ಯೊಂಗ್‌ಮ್ಯೊಂಗ್!" ಎಂದು ಮುಷ್ಟಿ ಎತ್ತಿ ನಕ್ಕಳು. ಚೀನಾದವರ ಬಾಯಲ್ಲಿ ಅದು ಗೆಮಿಂಗ್ ಅಂತೆ. ಬಾಯಿ ಬೇರೆ, ತೊಗಲು ಒಂದೇ.

"ನಿನ್ನ ಭಾಷೆಯ ಪದದ ಒಳಗೆ ಏನಿದೆ?" ಮಿಜುಕಿ ಕೇಳಿದಳು.

"ಕ್ರಾಂತಿ ಅಂತೀವಿ. ಒಳಗ ಏನೈತೋ ಗೊತ್ತಿಲ್ಲ."

ಆಯಿ ತೊಗಲು ಹದ ಮಾಡುತ್ತಿದ್ದ ಸುಣ್ಣದ ತೊಟ್ಟಿ, ಜಾಲಿ ತೊಗಟೆಯ ಕೆಂಪು ನೀರು, ಶಾಲೆಯಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದ ಪಕ್ಕದ ಹುಡುಗರು, ಇಲ್ಲಿನ ಡಾಕ್ಟರ್ ವೇಷ ಎಲ್ಲವನ್ನೂ ಅವಳಿಗೆ ಹೇಳಿದ್ದು ಅವತ್ತೇ. ಅವಳು ಅವನ ಅಂಗೈಯನ್ನು ಮೂಗಿಗೆ ಒತ್ತಿಕೊಂಡು ಒಮ್ಮೆ ಉಸಿರೆಳೆದಳು.

ಕಲಿಕೆ ಮುಗಿಸಿ ಜಪಾನಿಗೆ ಹೊರಟಾಗ ಸ್ಟೇಷನ್ನಿನಲ್ಲಿ ಅಂದಳು, "ನಿನ್ನವರಿಗೆ ಹೇಳಿದ ದಿನ ನನಗೆ ಬರೆ. ಆ ಪದದ ಒಳಗೆ ಏನಿದೆ ಅಂತಲೂ ಬರೆ."

ಪದ ಬೇಗ ಸಿಕ್ಕಿತು. ನಿಘಂಟಿನಲ್ಲಿತ್ತು: ಹೆಜ್ಜೆ ಇಡುವುದು, ದಾಟುವುದು. ಹೇಳುವುದೇ ಉಳಿಯಿತು. ಚಳಿಗಾಲವಿಡೀ ಫೋನ್ ತೆಗೆದು ಅವಳ ಹೆಸರು ನೋಡಿ ಮತ್ತೆ ಜೇಬಿಗಿಟ್ಟ. ಅವಳ ಬೆಂಚಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಒರೆಸಲು ಯಾರಿಗೂ ಬಿಡಲಿಲ್ಲ. ಈಗ ಅವನು ಆಡಬೇಕಿದ್ದ ಮಾತನ್ನು ಬಸವಪ್ರಸಾದ ಆಡಿಬಿಟ್ಟಿದ್ದ, ಅದೂ ಉಗುಳಿದ ಹಾಗೆ.

"ಯಾಕಪಾ, ಬಾಯಾಗ ಹೋಳಗಿ ಐತೇನು?" ಬಸವಪ್ರಸಾದ ಬಿಡಲಿಲ್ಲ. "ನನ್ನ ಬೂಟೂ ಬಾಯಿ ಬಿಟ್ಟಾವ. ಬಾಗಲದಾಗ ಅದಾವ ನೋಡು, ಹೊಲದು ಕೊಟ್ಟ ಹೋಗು."

ಬೈಗುಳ ಗಂಟಲಿಗೆ ಬಂತು. ಅಥಣಿಯ ಸಂತೆಯಲ್ಲಿ ಕಲಿತದ್ದು, ಬಸವಪ್ರಸಾದನ ಮೂರು ತಲೆಮಾರಿಗೆ ಸಾಕಾಗುವಂಥದ್ದು. ಬಾಳಪ್ಪ ಬಾಗಿಲಿಗೆ ಹೋದ. ಅಲ್ಲಿ ಎಲ್ಲರ ಬೂಟುಗಳ ರಾಶಿ. ತನ್ನ ಜೋಡಿ ಹುಡುಕಿಕೊಂಡು ಕೂತು ಹಾಕಿಕೊಂಡ. ಮಿಜುಕಿ ತನ್ನ ಪರೀಕ್ಷೆಗೆಂದು ಅವನ ಅಳತೆಗೆ ಕಟ್ಟಿದ್ದ ಬೂಟುಗಳು ಅವು. ಅಥಣಿ ಚಪ್ಪಲಿಯ ಸದ್ದು ಹೇಗಿರುತ್ತದೆಂದು ಅವನಿಂದ ಕೇಳಿ ಕೇಳಿ, ಅಲ್ಲಿಯವರಂತೆ ಅಟ್ಟೆಯ ಪದರದ ನಡುವೆ, ನಡೆದರೆ ಸದ್ದು ಮಾಡುವ ಬೀಜವಿಟ್ಟು ಹೊಲಿದಿದ್ದಳು. ಬೂಟು ಸದ್ದು ಮಾಡುತ್ತದೆಂದು ಪರೀಕ್ಷಕರು ಅವಳ ಅಂಕ ಕಳೆದಿದ್ದರು.

"ಏ ಡಾಕ್ಟರ್!" ಒಳಗಿನಿಂದ ಕೂಗು.

"ಉಂಡುಕೊಂಡಾದ್ರೂ ಹೋಗಪ್ಪಾ," ಇದು ಜಲಜಮ್ಮನ ದನಿ.

ಅವನು ಲೇಸು ಬಿಗಿದು ಎದ್ದ. ಹೊರಗೆ ನಿಲ್ದಾಣಕ್ಕೆ ಬಸ್ಸು ಬಂದು ಬಾಗಿಲು ತೆರೆಯಿತು, ಕಾಯಿತು, ಅವನು ಹತ್ತದಿದ್ದಾಗ ಮುಚ್ಚಿಕೊಂಡು ಹೋಯಿತು. ಭಾನುವಾರದ ಬೀದಿಯಲ್ಲಿ ಬೇರೆ ಸದ್ದಿರಲಿಲ್ಲ. ಹಾಲಿನ ಕಿಟಕಿಗಳು ತೆರೆದೇ ಇದ್ದವು. ಬಾಳಪ್ಪ ಕಲ್ಲುಹಾಸಿನ ಮೇಲೆ, ಒಳಗಿನವರಿಗೆ ಕೇಳುವಂತೆ ಹೆಜ್ಜೆ ಊರಿ ನಡೆಯತೊಡಗಿದ. ಕರ್ರ್, ಕರ್ರ್ ಎನ್ನುತ್ತ ಬೂಟುಗಳು ಹೋದವು.